ಉಡುವ ಸೀರೆ, ಕೊಡುವ ಸೀರೆ

ರಾಣೆಬೆನ್ನೂರಿನ ಬಟ್ಟೆ ಅಂಗಡಿಯಲ್ಲಿ ಗಾದಿಯ ಮೇಲೆ ಕಾಲು ಮಡಚಿ ಕೂತ ಕೂಡಲೇ ಅಂಗಡಿಯವನು ಮೊದಲು ಕೇಳುತ್ತಿದ್ದದ್ದು ಬಣ್ಣವನ್ನಲ್ಲ, ಅಂಚನ್ನೂ ಅಲ್ಲ. "ಉಡಾಕೇನ್ರಿ, ಕೊಡಾಕೇನ್ರಿ?" ಎಂದು ಕೇಳುತ್ತಿದ್ದ. ಉಡಲಿಕ್ಕೆ ಎಂದರೆ ಎದ್ದು ಹೋಗಿ ಗಾಜಿನ ಕಪಾಟು ತೆಗೆಯುತ್ತಿದ್ದ. ಕೊಡಲಿಕ್ಕೆ ಎಂದರೆ ಏಳುತ್ತಲೇ ಇರಲಿಲ್ಲ. ಕೂತಲ್ಲಿಂದಲೇ ಪಕ್ಕದ ಗಂಟನ್ನು ಎಳೆದು ನಮ್ಮ ಮುಂದೆ ಬಿಚ್ಚುತ್ತಿದ್ದ.

ಕೊಡುವ ಸೀರೆ ಎಂದರೆ ಮದುವೆಯಲ್ಲಿ ಬೀಗರಿಗೆ, ನೆಂಟರಿಗೆ ಆಹೇರ ಮಾಡುವ ಸೀರೆ. ಗಂಜಿ ಕುಡಿದು ಬಿರುಸಾಗಿರುತ್ತಿತ್ತು. ಜರಿ ಎಂಬ ಹೆಸರಿನಲ್ಲಿ ಹಳದಿ ದಾರ ಹೊಳೆಯುತ್ತಿತ್ತು. ಬಣ್ಣ ನೀರು ಕಾಣುವವರೆಗೆ ಮಾತ್ರ ಗಟ್ಟಿ. ಅದನ್ನು ಯಾರೂ ಉಡುತ್ತಿರಲಿಲ್ಲ. ಪಡೆದವಳು ಪೆಟ್ಟಿಗೆಯಲ್ಲಿಟ್ಟು ಮುಂದಿನ ಮದುವೆಯಲ್ಲಿ ಇನ್ನೊಬ್ಬಳಿಗೆ ಕೊಡುತ್ತಿದ್ದಳು, ಅವಳು ಮತ್ತೊಬ್ಬಳಿಗೆ. ನಿಯಮ ಒಂದೇ: ನೀರಿಗೆ ಹಾಕಬಾರದು. ನೀರು ಕಂಡ ಸೀರೆ ಉಟ್ಟ ಸೀರೆಗೆ ಸಮ, ಅದನ್ನು ಕೊಡಲು ಬರುವುದಿಲ್ಲ. ಹೀಗೆ ಯಾರ ಮೈಯನ್ನೂ ಕಾಣದ ಸೀರೆಗಳು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ನಡುವೆ ಸರ್ಕಾರಿ ಬಸ್ಸಿಗಿಂತ ಹೆಚ್ಚು ಓಡಾಡಿದವು. ಅಂಥ ಒಂದು ಗಿಣಿಹಸಿರು ಸೀರೆ ನಮ್ಮ ಅತ್ತೆಯ, ಅಂದರೆ ಅಪ್ಪನ ತಂಗಿಯ, ಬಾಳನ್ನು ತಿಂದಿತು.

ನಮ್ಮ ಮನೆ ಬ್ಯಾಡಗಿಯಲ್ಲಿ. ಕಾಗಿನೆಲೆ ರಸ್ತೆಯಲ್ಲಿ ಮೆಣಸಿನಕಾಯಿ ಹೊಲ, ಪೇಟೆಯಲ್ಲಿ ಅಜ್ಜನದೊಂದು ದಲಾಲಿ ಅಂಗಡಿ. ಹೊಲ, ಅಂಗಡಿ ಅಜ್ಜನವು. ಅರಿವೆ ಅಂಚಡಿ ಅಜ್ಜಿಯವು. ಬಟ್ಟೆಯ ದೊಡ್ಡ ಕಬ್ಬಿಣದ ಪೆಟ್ಟಿಗೆಯ ಕೀಲಿಕೈ ಅವಳ ನಡುವಿನಲ್ಲಿ ಜೋತಾಡುತ್ತಿತ್ತು. ಮಲಗುವಾಗಲೂ ಬಿಚ್ಚುತ್ತಿರಲಿಲ್ಲ. ಅದು ಅವಳ ಸೊಂಟಕ್ಕೆ ಒತ್ತಿ ಒತ್ತಿ ಕಪ್ಪು ಗುರುತೇ ಬಿದ್ದಿತ್ತು.

ಊರಿಗೆ ಊರೇ ಸೀನುವ ಮೆಣಸಿನಕಾಯಿ ಸುಗ್ಗಿಯಲ್ಲಿ ನಮ್ಮ ಮನೆಯವರ ಕೈ ಬಿಚ್ಚುತ್ತಿತ್ತು. ಗಂಡಸರಿಗೆ ಧೋತರ, ಅಂಗಿ, ಗಂಡುಹುಡುಗರಿಗೆ ಒಂದಕ್ಕೆರಡು ಜೊತೆ, ಸೊಸೆಯಂದಿರಿಗೆ ಒಂದೊಂದು ಉಡುವ ಸೀರೆ, ಎಲ್ಲವೂ ಆಗಲೇ. ಬೇಸಿಗೆ ಬಂತೆಂದರೆ ಮದುವೆಗಳು; ಕೊಡುವ ಸೀರೆಗಳು ಗಂಟುಗಟ್ಟಲೆ ಹೋಗುತ್ತಿದ್ದವು, ಅಷ್ಟೇ ಬರುತ್ತಿದ್ದವು. ಮಳೆಗಾಲದ ಬಾಗಿಲಲ್ಲಿ ಕಾರಹುಣ್ಣಿಮೆ. ಆಗ ಎತ್ತುಗಳಿಗೆ ಹೊಸ ಹಗ್ಗ, ಕೊಂಬಿಗೆ ಬಣ್ಣ, ಕೊರಳಿಗೆ ಗೊಂಡೆ. ಆಮೇಲೆ ಸಸಿ, ಗೊಬ್ಬರ, ಆಳಿನ ಕೂಲಿ. ಇವೆಲ್ಲ ಮುಗಿದು ಕೈ ಪೂರಾ ಬರಿದಾದ ಹೊತ್ತಿಗೆ ಸರಿಯಾಗಿ ಶ್ರಾವಣ ಬರುತ್ತಿತ್ತು, ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬಂದು ಸೀರೆ ಉಡುವ ನಾಗರ ಪಂಚಮಿ ಬರುತ್ತಿತ್ತು. ಈ ಹಬ್ಬವನ್ನು ಇಲ್ಲಿ ಇಟ್ಟವನು ಖಂಡಿತ ಗಂಡಸೇ ಇರಬೇಕು. ಎತ್ತಿನ ಸರದಿ ಮುಗಿದ ಮೇಲೆ ಮಗಳ ಸರದಿ.

ನಮ್ಮ ಹಿತ್ತಲಿಗೆ ಹತ್ತಿದ ಮನೆಯಲ್ಲಿ ಒಬ್ಬ ಖಾಲಾ ಇದ್ದಳು. ನಮ್ಮ ಮನೆಯ ಹೆಂಗಸರ ಜಂಪರುಗಳನ್ನೆಲ್ಲ ಹೊಲಿಯುತ್ತಿದ್ದವಳು ಅವಳೇ. ಒಮ್ಮೆ ಗೋಡೆಯ ಆಚೆಯಿಂದ ಅಂದಳು: "ನಮ್ಮ ರಂಜಾನ್ ಛಲೋ ಐತವ್ವಾ, ವರ್ಷಾ ವರ್ಷಾ ಸರೀತೈತಿ. ಒಮ್ಮೆ ಸುಗ್ಗಿಯಾಗ ಬರ್ತೈತಿ, ಒಮ್ಮೆ ಮಳಿಯಾಗ. ಒಂದು ಸಲ ಹಳೇದು ಉಟ್ರ ಇನ್ನೊಂದು ಸಲ ಹೊಸಾದು. ನಿಮ್ಮ ಪಂಚಮಿ ಮಾತ್ರ ಬರಿಗೈ ತಿಂಗಳದಾಗ ಕುಂತದ್ದು ಏಳೂದೇ ಇಲ್ಲ."

"ಹಬ್ಬ ಸರಿಸಾಕ ನಾನೇನು ಚಂದ್ರಾಮನೇನು?" ಅಂದಳು ಅಜ್ಜಿ.

ಹಬ್ಬ ಸರಿಸಲು ಆಗದಿದ್ದರೂ ಅವಳು ಒಂದು ಉಪಾಯ ಕಂಡುಕೊಂಡಿದ್ದಳು. ಬೇಸಿಗೆಯ ಮದುವೆಗಳಲ್ಲಿ ಬಂದ ಕೊಡುವ ಸೀರೆಗಳಲ್ಲಿ ಒಂದನ್ನು ತೆಗೆದಿಟ್ಟು ಪಂಚಮಿಗೆ ಮಗಳ ಉಡಿಯಲ್ಲಿ ಹಾಕುವುದು. ಅವ್ವ ಒಮ್ಮೆ ಮೆಲ್ಲಗೆ, "ಮಗಳಿಗೆ ಉಡೋ ಸೀರಿ ಕೊಡಬೇಕಲ್ರಿ" ಎಂದದ್ದಕ್ಕೆ ಅವಳು ಅಂದದ್ದು ನನಗೆ ಇನ್ನೂ ಬಾಯಿಪಾಠ.

"ಕೊಟ್ಟ ಮ್ಯಾಲ ಆಕಿ ಬೀಗರ ಮಂದಿ. ಬೀಗರಿಗೆ ಕೊಡೋ ಸೀರಿನ ಕೊಡೂದು."

ಅತ್ತೆಯನ್ನು ಕರ್ಜಗಿಗೆ ಕೊಟ್ಟಿದ್ದರು. ದೊಡ್ಡ ಒಕ್ಕಲುತನದ ಮನೆ, ಅದಕ್ಕಿಂತ ದೊಡ್ಡ ಬಾಯಿ ಅತ್ತೆಯ ಅತ್ತೆಯದು. ಆ ಹೆಂಗಸನ್ನು ನಾನು ಬೀಗತಿ ಎಂದೇ ಕರೆಯುತ್ತೇನೆ, ನಮ್ಮ ಮನೆಯಲ್ಲಿ ಅವಳ ಮಾತು ಬಂದಾಗೆಲ್ಲ ಆ ಪದವನ್ನು ಬೈಗುಳದಂತೆ ಹೇಳುತ್ತಿದ್ದರು. ಕರ್ಜಗಿಯಲ್ಲಿ ಒಂದು ಪದ್ಧತಿ. ಸೊಸೆ ಪಂಚಮಿ ಮುಗಿಸಿ ಬಂದ ದಿನ ಓಣಿಯ ಹೆಂಗಸರೆಲ್ಲ ಪಡಸಾಲೆಗೆ ಬರುತ್ತಾರೆ. ತವರಿನ ಉಂಡಿ ತಿನ್ನುತ್ತ, ತವರಿನ ಸೀರೆ ಬಿಚ್ಚಿಸಿ ನೋಡುತ್ತಾರೆ. ಬೆರಳ ನಡುವೆ ಅಂಚನ್ನು ತಿಕ್ಕಿದರೆ ಸಾಕು, ಉಡುವುದೋ ಕೊಡುವುದೋ ಹೇಳಿಬಿಡುತ್ತಾರೆ. ಅಂದಿನಿಂದ ಮುಂದಿನ ಪಂಚಮಿಯವರೆಗೆ ಆ ಸೊಸೆಗೆ ಆ ಮನೆಯಲ್ಲಿ ಎಷ್ಟು ಬೆಲೆ ಎಂಬುದು ಅಲ್ಲಿಗೆ ತೀರ್ಮಾನ. ಅತ್ತೆ ಮದುವೆಯಾದಾಗಿನಿಂದ ಬಯಸಿದ್ದು ಒಂದೇ, ಆ ಪಡಸಾಲೆಯಲ್ಲಿ ಒಂದು ಸಲವಾದರೂ ಉಡುವ ಸೀರೆ ಬಿಚ್ಚಬೇಕು ಎಂದು.

ಆ ವರ್ಷ ಬೇಸಿಗೆಯಲ್ಲಿ ಅತ್ತೆಯ ನಾದಿನಿಯ ಮದುವೆ. ಬೀಗತಿ ನಮ್ಮ ಅಜ್ಜಿಗೆ ಗಿಣಿಹಸಿರು ಸೀರೆಯೊಂದನ್ನು ಆಹೇರ ಮಾಡಿದಳು. ಅವಳಿಗೊಂದು ಚಟವಿತ್ತು. ತಾನು ಕೊಡುವ ಪ್ರತಿ ಸೀರೆಯ ಸೆರಗಿನ ಮೂಲೆಗೆ ಕಾಣದ ಹಾಗೆ ಕೆಂಪು ದಾರದ ಗಂಟು ಹಾಕುತ್ತಿದ್ದಳು. ತನ್ನ ಸೀರೆ ಯಾರ ಯಾರ ಮನೆಗೆ ಹೋಗುತ್ತದೆ ಎಂದು ತಿಳಿಯಬೇಕಂತೆ. ಪುಣ್ಯಕ್ಕೆ ಹೋಗಿ ಪತ್ತೇದಾರಿಕೆ ಮಾಡುವ ಜಾತಿ. ಅಜ್ಜಿಗೆ ಇದು ಗೊತ್ತಿರಲಿಲ್ಲ. ಸೀರೆ ಪೆಟ್ಟಿಗೆಗೆ ಹೋಯಿತು, ಉಳಿದ ಸೀರೆಗಳ ಜೊತೆ ಸೇರಿತು, ಯಾರದು ಯಾವುದು ಎಂಬುದು ಅಜ್ಜಿಗೆ ಮರೆತೂ ಹೋಯಿತು. ಶ್ರಾವಣದಲ್ಲಿ ಕೈಗೆ ಸಿಕ್ಕ ಮೇಲಿನ ಸೀರೆಯನ್ನು ತೆಗೆದು ಮಗಳ ಉಡಿ ತುಂಬಿದಳು.

ಅತ್ತೆಯನ್ನು ಬಿಡಲು ಹೋದ ಅಪ್ಪನ ಜೊತೆ ನಾನೂ ಕರ್ಜಗಿಗೆ ಹೋಗಿದ್ದೆ. ಪಡಸಾಲೆ ತುಂಬ ಹೆಂಗಸರು. ಅತ್ತೆ ಸೀರೆ ಬಿಚ್ಚಿದಳು. ಬೀಗತಿ ಅಂಚು ಮುಟ್ಟಲಿಲ್ಲ, ನೇರ ಸೆರಗಿನ ಮೂಲೆ ಹಿಡಿದಳು. ಕೆಂಪು ಗಂಟು ಸಿಕ್ಕಿತು. ಅವಳು ಸಿಟ್ಟಾಗಿದ್ದರೆ ಅತ್ತೆ ಬದುಕುತ್ತಿದ್ದಳು. ಅವಳು ನಕ್ಕಳು.

"ನೋಡ್ರೇ ಇಲ್ಲಿ! ನಮ್ಮ ಆಕಳಾ ಮೇಯಾಕ ಹೋಗಿ ನಮ್ಮ ಹಟ್ಟಿಗೇ ತಿರುಗಿ ಬಂದೈತಿ. ಬ್ಯಾಡಗಿ ಮಂದಿ ಮಗಳಿಗೆ ಸೀರಿ ಕೊಡೂದಿಲ್ಲ, ನಮ್ಮದನ್ನ ನಮಗ ವಾಪಸ್ ಮಾಡ್ತಾರ."

ಉಂಡಿ ತುಂಬಿದ ಬಾಯಿಗಳೆಲ್ಲ ನಕ್ಕವು. ಒಬ್ಬಳಿಗೆ ನೆತ್ತಿ ಹತ್ತಿ ಕೆಮ್ಮು ಬಂತು, ಅವಳಿಗೆ ನೀರು ತಂದುಕೊಟ್ಟವಳೂ ಅತ್ತೆಯೇ. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಅಪ್ಪನಿಗೆ ಎಲ್ಲ ಕೇಳಿಸಿತ್ತು. ಅವನು ಚಪ್ಪಲಿ ಮೆಟ್ಟಿಕೊಂಡು, "ಬಸ್ಸಿನ ಹೊತ್ತಾತು" ಅಂದ. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ನಾವು ನಿಲ್ದಾಣದ ಮರದ ಕೆಳಗೆ ಮಳೆಯಲ್ಲಿ ನೆನೆಯುತ್ತ ನಿಂತೆವು.

ಮುಂದಿನ ಸುಗ್ಗಿ ಭರ್ಜರಿಯಾಗಿತ್ತು. ಮೆಣಸಿನಕಾಯಿಗೆ ಅಂಥ ಧಾರಣೆ ಬಂದದ್ದನ್ನು ಅಜ್ಜನೂ ನೋಡಿರಲಿಲ್ಲವಂತೆ. ಚಿಕ್ಕಪ್ಪನ ಮದುವೆಯೂ ಗೊತ್ತಾಗಿತ್ತು. ಅಜ್ಜಿ, ಅವ್ವ, ನಾನು ರಾಣೆಬೆನ್ನೂರಿಗೆ ಹೋದೆವು. ಕಪಾಟು ತೆರೆಯಿತು, ಗಂಟೂ ಬಿಚ್ಚಿತು. ಎಲ್ಲ ಮುಗಿದ ಮೇಲೆ ಅವ್ವ ಬದನೆ ಬಣ್ಣದ ಸೀರೆಯೊಂದನ್ನು ಮಡಿಲಿಗೆಳೆದುಕೊಂಡು, "ಪಂಚಮಿಗೆ ಇದನ್ನ ಈಗೇ ತಗೊಂಡು ಇಟ್ಟಬಿಡೋಣ್ರಿ ಅತ್ತೆರ. ಆ ಹುಡುಗಿ ಅಲ್ಲಿ ತಲಿ ಎತ್ತಿ ಅಡ್ಡಾಡ್ಲಿ" ಎಂದಳು. ಅಂಗಡಿಯವನು, "ಉಡಾಕ ಹೌದಲ್ರಿ?" ಎಂದು ಕಾಗದ ಎಳೆದ.

ಅಜ್ಜಿ ಸೀರೆಯನ್ನು ಅವ್ವನ ಮಡಿಲಿಂದ ಎತ್ತಿ ಗಾದಿಯ ಮೇಲೆ ಹಾಕಿದಳು. "ಸುಗ್ಗಿಯಾಗ ಪಂಚಮಿ ಸೀರಿ ತಗೊಳ್ಳಾಕ ನಾವೇನು ಹುಚ್ಚರೇನ? ಅವತ್ತಿಂದು ಅವತ್ತ. ಧರ್ಮಕ್ಕ ದಟ್ಟಿ ಕೊಟ್ರ ಹಿತ್ತಲಕ್ಕ ಹೋಗಿ ಮೊಳ ಹಾಕಿದ್ಲಂತ, ಅಂಥಾ ಮಗಳು ನನಗ ಹುಟ್ಟ್ಯಾಳ."

ಧರ್ಮ ಎಂಬ ಮಾತು ಅವಳ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಮಗಳಿಗೆ ಕೊಡುವುದೂ ಭಿಕ್ಷುಕರಿಗೆ ಹಾಕುವುದೂ ಒಂದೇ ಎಂದು ಅವಳು ನಿಜವಾಗಿಯೂ ನಂಬಿದ್ದಳೆಂಬುದು ಗೊತ್ತಾಯಿತು. ನನಗೆ ಅಜ್ಜಿಯ ಮೇಲೆ ಅಂದು ಹುಟ್ಟಿದ ಸಿಟ್ಟು ಈಗಲೂ ಆರಿಲ್ಲ, ಆರಿಸಿಕೊಳ್ಳುವ ಮನಸ್ಸೂ ಇಲ್ಲ. ತಿರುಗಿ ಬರುವಾಗ ಬಸ್ಸು ಹಲಗೇರಿ ದಾಟುತ್ತಿದ್ದಂತೆ ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹಲಗೇರಿ ಅಜ್ಜಿಯ ತವರು. ಅಲ್ಲಿ ಅವಳವರು ಎಂಬುವವರು ಯಾರೂ ಉಳಿದಿರಲಿಲ್ಲ, ಅಜ್ಜಿ ಕಿಟಕಿಯ ಕಡೆ ನೋಡಲೂ ಇಲ್ಲ.

ಚಿಕ್ಕಪ್ಪನ ಮದುವೆಗೆ ಬೀಗತಿ ಬಂದಳು. ಆಹೇರದ ಹೊತ್ತಿಗೆ ಹಂದರದ ನಡುವೆ ನಿಂತು, ಎಲ್ಲರಿಗೂ ಕೇಳುವಂತೆ, "ಬೀಗ್ತೇರ, ನಿಮಗ ಭಾಳ ಸೇರಿದ ಬಣ್ಣಂತ ಹುಡುಕಿ ತಂದೇನ್ರಿ" ಎನ್ನುತ್ತ ಅದೇ ಗಿಣಿಹಸಿರು ಸೀರೆಯನ್ನು ಅಜ್ಜಿಯ ಕೈಯಲ್ಲಿಟ್ಟಳು. ಸೆರಗಿನ ಮೂಲೆಯಲ್ಲಿ ಈಗ ಎರಡು ಕೆಂಪು ಗಂಟು. ಅಜ್ಜಿ ನಗುತ್ತಲೇ ತೆಗೆದುಕೊಂಡಳು, ನಗುತ್ತಲೇ ಕುಂಕುಮ ಹಚ್ಚಿದಳು. ಒಳಗೆ ಬಂದು ಪೆಟ್ಟಿಗೆಗೆ ಹಾಕುವಾಗ ಮಾತ್ರ, "ಬರಲಿ, ಪಂಚಮಿ ಬರಲಿ" ಅಂದಳು.

ಕೋಣಗಳೆರಡು ಹೋರಾಡಿದರೆ ಗಿಡಕ್ಕೆ ಕುತ್ತು. ಪಂಚಮಿಗೆ ಬಂದ ಅತ್ತೆ ಅಡುಗೆಮನೆಯಲ್ಲಿ ಅರಳು ಹುರಿಯುತ್ತ ಅವ್ವನಿಗೆ ಹೇಳಿದಳು: "ವೈನಿ, ಈ ಸಲಾನೂ ಆ ಸೀರಿನ ತಂದ್ರ ಆ ಮನಿಯಿಂದ ನನಗ ಒಂದು ಎಳಿ ನೂಲು ಸೈತ ಇಲ್ಲ ಅಂದಾರ ನಮ್ಮತ್ತಿ. ತವರವ್ರ ಉಡಿಸ್ಲಿ ಅಂದಾರ."

ಅವ್ವ ತನ್ನ ಪಾಲಿಗೆ ಸುಗ್ಗಿಯಲ್ಲಿ ಬಂದ ಸೀರೆಯನ್ನು ತಂದು ಅಜ್ಜಿಯ ಮುಂದೆ ಹಿಡಿದಳು. ಒಂದೇ ಸಲ ಉಟ್ಟದ್ದು, ಮಡಿಕೆ ಕೂಡ ಮುರಿದಿರಲಿಲ್ಲ. ಅಜ್ಜಿ ಅದನ್ನು ಮೂಸಿ ನೋಡಿದಳು.

"ಉಟ್ಟ ಸೀರಿ ಕೊಡ್ತಿಯೇನು? ಮಗಳಿಗೆ ಹಳೇ ಅರಿವಿ ಕೊಟ್ರಂತ ಊರಾಗಿನ ಮಂದಿ ಆಡ್ಕೋಬೇಕೇನು?"

ಉಡಿ ತುಂಬುವ ಹೊತ್ತು ಬಂತು. ಅಕ್ಕಿ, ಕೊಬ್ಬರಿ ಬಟ್ಟಲು, ಜಂಪರಿನ ಕಣ, ಅದರ ಮೇಲೆ ಗಿಣಿಹಸಿರು. ಅತ್ತೆ ಸೆರಗು ಹಿಡಿದುಕೊಂಡೇ ಅಂದಳು:

"ಯವ್ವಾ, ಬರಿಗೈಲೆ ಕಳಸು. ಇದನ್ನ ಮಾತ್ರ ಹಾಕಬ್ಯಾಡ."

"ಬರಿಗೈಲೆ ಕಳಿಸಿದ್ರ ನನ್ನ ಮಾನ ಹೋಗತೈತಿ."

"ಇದನ್ನ ಕಳಿಸಿದ್ರ ನನ್ನ ಮಾನ ಹೋಗತೈತಿ."

"ನಿನ್ನ ಮಾನ ಆ ಮನೀದು. ಅವ್ರ ಕಾಯ್ಕೊಳ್ಳಲಿ" ಎಂದು ಅಜ್ಜಿ ಸೀರೆಯನ್ನು ಉಡಿಗೆ ಹಾಕಿ ಅರಿಸಿನ ಕುಂಕುಮ ಹಚ್ಚಿದಳು. ಉಡಿಗೆ ಬಿದ್ದದ್ದನ್ನು ತಿರುಗಿ ಕೊಡುವಂತಿಲ್ಲ. ಹಿತ್ತಲಿನ ಹುಣಸೆಮರಕ್ಕೆ ಕಟ್ಟಿದ್ದ ಜೋಕಾಲಿಯಲ್ಲಿ ಅತ್ತೆ ಅಂದು ಕೂರಲೇ ಇಲ್ಲ.

ಕರ್ಜಗಿಯಲ್ಲಿ ನಡೆದದ್ದನ್ನು ಅತ್ತೆ ಬಹಳ ವರ್ಷದ ಮೇಲೆ ಹೇಳಿದಳು. ಬೀಗತಿ ಬೈಯಲಿಲ್ಲ, ಹೊಡೆಯಲಿಲ್ಲ. ಆಡಿದ ಮಾತಿನಂತೆ ನಡೆದುಕೊಂಡಳು, ಅಷ್ಟೇ. ಅವರ ಮನೆಯ ಸುಗ್ಗಿಯಲ್ಲಿ ಎಲ್ಲರಿಗೂ ಅರಿವೆ ಬಂತು, ಅತ್ತೆಗೆ ಬರಲಿಲ್ಲ. "ತವರವ್ರು ಅಷ್ಟು ಛಂದ ಉಡಿಸ್ತಾರ, ನಾವು ಉಡಿಸಿದ್ರ ಅವ್ರಿಗೆ ಅವಮಾನ" ಅಂದಳಂತೆ. ಗಂಡನೆಂಬವನು ತಾಯಿಯ ಎದುರು ಕೆಮ್ಮಲೂ ಅಂಜುವವನು. ನಾದಿನಿಯರು ಬಿಟ್ಟ ಸೀರೆಗಳನ್ನು ಅತ್ತೆ ನಡುವೆ ಕತ್ತರಿಸಿ, ಸವೆದ ಭಾಗ ಒಳಗೆ ಹೋಗುವಂತೆ ಹೊಲಿದು ಉಟ್ಟಳು. ಗಿಣಿಹಸಿರು ಸೀರೆಯನ್ನು ಮಾತ್ರ ಈ ಸಲ ಬೀಗತಿಯ ಕೈಗೆ ಕೊಡಲಿಲ್ಲ. ತನ್ನ ಪೆಟ್ಟಿಗೆಯ ತಳಕ್ಕೆ ಹಾಕಿ ಬೀಗ ಹಾಕಿದಳು.

ಆಮೇಲೆ ಅವಳು ಪಂಚಮಿಗೆ ಬರುವುದನ್ನೇ ಬಿಟ್ಟಳು. ಅಪ್ಪ ಪ್ರತಿ ಶ್ರಾವಣದಲ್ಲೂ ಕರೆಯಲು ಹೋಗುತ್ತಿದ್ದ. ಅವಳು ಚಹಾ ಕೊಟ್ಟು, ಬಾಗಿಲ ಚೌಕಟ್ಟಿಗೆ ಒರಗಿ ನಿಂತು, "ಯವ್ವನ ಪೆಟಗ್ಯಾಗ ಕೊಡೋ ಸೀರಿ ತೀರ್ಯಾವೇನಣ್ಣಾ?" ಎಂದು ಕೇಳುತ್ತಿದ್ದಳು. ಅಪ್ಪ ಬಸಿಯಲ್ಲಿ ಚಹಾ ಆರಿಸುತ್ತಿದ್ದ. "ತೀರಿದ ಮ್ಯಾಲ ಬರ್ತೇನಿ" ಎನ್ನುತ್ತಿದ್ದಳು. ಅವನು ಒಬ್ಬನೇ ವಾಪಸಾಗಿ ಅಂಗಿ ಗೂಟಕ್ಕೆ ಹಾಕುವಾಗ ಅಜ್ಜಿ ಒಳಗಿನಿಂದ, "ಸೊಕ್ಕು" ಎಂದಷ್ಟೇ ಅನ್ನುತ್ತಿದ್ದಳು.

ಅಜ್ಜಿ ಸತ್ತದ್ದು ಆಷಾಢದಲ್ಲಿ, ನಾನು ಕಾಲೇಜಿಗೆ ಹೋಗುತ್ತಿದ್ದಾಗ. ಅಜ್ಜ ಇನ್ನೂ ಇದ್ದ, ಹಾಗಾಗಿ ಮುತ್ತೈದೆ ಸಾವು. ಬಂದ ಹೆಂಗಸರು ಅಳುವುದರ ಜೊತೆಗೆ ಸ್ವಲ್ಪ ಹೊಟ್ಟೆಕಿಚ್ಚನ್ನೂ ಪಟ್ಟರು. ನಮ್ಮ ಕಡೆ ಸತ್ತ ಮುತ್ತೈದೆಗೆ ಮೈಗೆ ಹತ್ತಿಸಿ ಉಡಿಸುವುದು ತವರಿನ ಸೀರೆ. ಉಳಿದವರು ತಂದದ್ದನ್ನು ಮೇಲೆ ಹೊದಿಸುತ್ತಾರೆ. ಹಲಗೇರಿಯಲ್ಲಿ ಯಾರೂ ಇಲ್ಲವಾದ್ದರಿಂದ ಆ ಹಕ್ಕು ಮಗಳಿಗೆ ಬಂತು. ಎಲ್ಲರೂ ಅತ್ತೆಗಾಗಿ ಕಾದರು.

ಮಧ್ಯಾಹ್ನ ಅತ್ತೆ ಬಂದಳು. ಕಣ್ಣಲ್ಲಿ ಒಂದು ಹನಿ ಇಲ್ಲ. ಬಗಲಲ್ಲಿದ್ದ ಚೀಲದಿಂದ ಗಿಣಿಹಸಿರು ಸೀರೆ ತೆಗೆದಳು. ಮಡಿಕೆ ಮಡಿಕೆಯಲ್ಲಿ ಬಣ್ಣ ತಿಂದುಹೋಗಿತ್ತು. ಸೆರಗಿನ ಮೂಲೆಯಲ್ಲಿ ಎರಡು ಕೆಂಪು ಗಂಟು ಹಾಗೇ ಇದ್ದವು. ಅವ್ವ ಗುರುತು ಹಿಡಿದು ಉಸಿರು ಎಳೆದುಕೊಂಡಳು. ಯಾರೋ ಮುದುಕಿ, "ಇದು ಕೊಡೋ ಸೀರಿ ಅಲ್ಲನ ತಂಗೀ?" ಅಂದಳು.

"ಇದನ್ನ ಕೊಡಾಕ ತಂದಿಲ್ರಿ, ಉಡಸಾಕ ತಂದೇನಿ" ಅಂದಳು ಅತ್ತೆ.

ಹೆಣದ ಮುಂದೆ ತಂದ ಸೀರೆಯನ್ನು ಬೇಡ ಅನ್ನುವಂತಿಲ್ಲ. ಅತ್ತೆ ತಾನೇ ನಿರಿಗೆ ಹಿಡಿದು ತಾಯಿಗೆ ಉಡಿಸಿದಳು, ಒಂದು ನಿರಿಗೆಯೂ ಸೊಟ್ಟವಾಗದಂತೆ. ಕೂಡಿಸಿ, ವಿಭೂತಿ ಹಚ್ಚಿ, ಹೂ ಮುಡಿಸಿ ಹೊರಡುವಾಗ ಮಳೆ ಶುರುವಾಯಿತು. ಓಣಿ ದಾಟುವ ಮೊದಲೇ ಸೀರೆ ಬಣ್ಣ ಬಿಡತೊಡಗಿತು. ಅಜ್ಜಿಯ ಕೈ ಹಸಿರಾಯಿತು, ತೊಡೆಯ ಮೇಲಿಟ್ಟ ತೆಂಗಿನಕಾಯಿ ಹಸಿರಾಯಿತು, ಹೊತ್ತವರ ಹೆಗಲಿಗೆ ಹಸಿರು ನೀರು ಸುರಿಯಿತು. ಅಪ್ಪನ ಬಿಳಿ ಅಂಗಿಯ ಬೆನ್ನು ಪೂರ್ತಿ ಹೋಯಿತು. ಬಾಗಿಲಲ್ಲಿ ನಿಂತ ಅತ್ತೆ ಅದನ್ನು ರೆಪ್ಪೆ ಬಡಿಯದೆ ನೋಡಿದಳು. ನಾನು ಅವಳ ಪಕ್ಕದಲ್ಲೇ ಇದ್ದೆ, ನನಗೆ ಸಮಾಧಾನವಾಯಿತು ಎಂದು ಹೇಳಲು ನಾಚಿಕೆ ಏನಿಲ್ಲ.

ಅಜ್ಜಿಯ ನಡುವಿನ ಕೀಲಿಕೈ ಅವ್ವನ ನಡುವಿಗೆ ಬಂತು.

ಸೂತಕದ ವರ್ಷ ಕಳೆದು ಬಂದ ಪಂಚಮಿಗೆ ಅತ್ತೆ ಬಂದಳು. ಅಪ್ಪ ಕರೆಯಲು ಹೋದಾಗ ಏನೂ ಕೇಳದೆ ಚಪ್ಪಲಿ ಹಾಕಿಕೊಂಡು ಹೊರಟಳಂತೆ. ಅವಳ ತಲೆ ಬೆಳ್ಳಗಾಗಿತ್ತು. ಬೀಗತಿ ಹಾಸಿಗೆ ಹಿಡಿದಿದ್ದಳು, ಇನ್ನು ಪಡಸಾಲೆಯಲ್ಲಿ ಅಂಚು ತಿಕ್ಕುವವರೂ ಇರಲಿಲ್ಲ. ಆದರೂ ಅತ್ತೆ ಎಳೆ ಹುಡುಗಿಯಂತೆ ಜೋಕಾಲಿ ಆಡಿದಳು, ಎರಡು ಮೂರು ಸಲ ಅವ್ವನನ್ನು ತಬ್ಬಿಕೊಂಡಳು. "ವೈನಿ, ಬದನಿಕಾಯಿ ಬಣ್ಣದ್ದು ಒಂದು ನನ್ನ ಸಲುವಾಗಿ ಹಿಡದಿದ್ದೀಯಂತ, ಅಣ್ಣ ಹೇಳಿದ್ದ" ಅಂದಳು. ಅವ್ವ ಸುಮ್ಮನೆ ನಕ್ಕಳು.

ಹೊರಡುವ ದಿನ ಅವ್ವ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ, ಕಣ, ಮೇಲೆ ಕುಂಕುಮ ಬಣ್ಣದ ಸೀರೆ. ಎಲ್ಲರೂ ಅತ್ತೆ ಒಳಗೆ ಹೋಗಿ ಚೀಲಕ್ಕೆ ಹಾಕಿಕೊಳ್ಳುತ್ತಾಳೆ ಎಂದುಕೊಂಡೆವು. ಅವಳು ಉಡಿ ಹಿಡಿದುಕೊಂಡೇ ಬಚ್ಚಲಿಗೆ ನಡೆದಳು. ಅಕ್ಕಿ ಕೊಬ್ಬರಿಯನ್ನು ಕಲ್ಲಿನ ಮೇಲಿಟ್ಟು, ಸೀರೆಯನ್ನು ಬಿಚ್ಚಿ, ತುಂಬಿದ ಬಕೆಟ್ಟಿಗೆ ಮುಳುಗಿಸಿದಳು. ಇನ್ನು ಇದನ್ನು ಯಾರಿಗೂ ಕೊಡಲು ಬರುವುದಿಲ್ಲ, ಇದು ತನ್ನದೇ ಎಂಬಂತೆ ಎರಡೂ ಕೈಯಿಂದ ಒತ್ತಿ ಹಿಡಿದಳು.

ನೀರು ಕೆಂಪಾಯಿತು. ಮೊದಲು ಅವಳ ಬೆರಳ ಸುತ್ತ, ಆಮೇಲೆ ಬಕೆಟ್ ತುಂಬ.

ಅವ್ವ ಬಚ್ಚಲ ಬಾಗಿಲಿಗೆ ಬಂದಿದ್ದಳು. "ಈಗ ಕೈಯಾಗ ಏನೂ ಇಲ್ಲ ನೋಡವಾ. ಸಸಿ ಹಚ್ಚಾಕ ಎಲ್ಲಾ ಹೋತು. ಸುಗ್ಗಿಯಾಗ ಒಂದು ಛಲೋದು..." ಎಂದು ತೊದಲಿದಳು. ಮಾತು ಅಜ್ಜಿಯದೇ, ಧ್ವನಿ ಮಾತ್ರ ಮೆತ್ತಗಿತ್ತು.

ಅತ್ತೆ ಕೆಂಪು ಕೈಗಳನ್ನು ಝಾಡಿಸಿ ಎದ್ದಳು. ಅವ್ವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ಕೀಲಿಕೈ ನಡಕ್ಕ ಛಲೋ ಕುಂತೈತಿ ವೈನಿ" ಅಂದಳು.

ಅವ್ವ ಸೆರಗು ಎಳೆದು ಕೀಲಿಕೈ ಮುಚ್ಚಿಕೊಂಡಳು.